ಒಂದೊಂದು ಸಲ ಒಂದೊಂದು ಉತ್ತರ ಹೇಳುತ್ತಿದ್ದ ಸೆಕ್ಸ್ಟಂಟ್

ಸೂರ್ಯ, ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿವೆ ಅಂತ ಕೋನ ಅಳೆದು, ಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ತಿಳಿಯುವ ಉಪಕರಣ ಸೆಕ್ಸ್ಟಂಟ್. ಇದು ನನ್ನ ಕೈಗೆ ಬಂದಾಗ ಮುರಿದಿರಲಿಲ್ಲ. ಡಿಗ್ರಿ ಬರೆದ ಕಮಾನಿನ ಮೇಲೆ ತೋಳು ಸರಿಯುತ್ತಿತ್ತು, ಸೂಕ್ಷ್ಮ ಅಳತೆ ಓದುವ ಡ್ರಮ್ ತಿರುಗುತ್ತಿತ್ತು, ಟೆಲಿಸ್ಕೋಪಿನಲ್ಲಿ ನಕ್ಷತ್ರ ಕಾಣುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಒಂದೇ ನಕ್ಷತ್ರವನ್ನು ಐದು ನಿಮಿಷದಲ್ಲಿ ಹತ್ತು ಸಲ ನೋಡಿದರೆ ಹತ್ತು ಬೇರೆ ಬೇರೆ ಉತ್ತರ ಬರುತ್ತಿತ್ತು.

ಕೊಟ್ಟವರು ಹಡಗಿನಲ್ಲಿ ಅಧಿಕಾರಿಯಾಗಿ ದುಡಿದು ನಿವೃತ್ತರಾದ ಹಿರಿಯರು. ಕೊಡುವಾಗ ಒಂದು ಮಾತು ಹೇಳಿದ್ದರು: "ನೋಡಪ್ಪ, ಇದು ಎರಡು ಮಿನಿಟ್ ತಪ್ಪು ತೋರಿಸಿದರೆ ಚಿಂತೆಯಿಲ್ಲ. ಯಾವಾಗಲೂ ಅದೇ ಎರಡು ಮಿನಿಟ್ ತೋರಿಸಬೇಕು, ಅಷ್ಟೇ." ಅವರು ಹೇಳಿದ್ದು ಗಡಿಯಾರದ ಮಿನಿಟ್ ಅಲ್ಲ, ಕೋನದ ಮಿನಿಟ್. ಆಗ ಸುಮ್ನೆ ತಲೆಯಾಡಿಸಿದ್ದೆ. ಕೆಲಸ ಶುರು ಮಾಡಿದ ಮೇಲೆ ಅವರು ಹೇಳಿದ್ದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಯಿತು. ಬದಲಾಗದ ತಪ್ಪನ್ನು ಲೆಕ್ಕದಲ್ಲಿ ಕಳೆದುಬಿಡಬಹುದು. ಅಲೆದಾಡುವ ತಪ್ಪಿಗೆ ಯಾವ ಲೆಕ್ಕವೂ ಇಲ್ಲ. ಹಾಗಾಗಿ ಹೊಳಪಿನ ಗೊಡವೆಗೆ ನಾನು ಹೋಗಲೇ ಇಲ್ಲ. ಇಡೀ ಕೆಲಸ ಆ ಅಲೆದಾಟ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಆಗಿತ್ತು.

ಮುಟ್ಟುವ ಮೊದಲು ಬರೆದುಕೊಂಡದ್ದು

ಮೊದಲ ದಿನ ಸ್ಕ್ರೂಡ್ರೈವರ್ ಹತ್ತಿರ ಹೋಗಲಿಲ್ಲ. ಎಲ್ಲ ಕಡೆಯಿಂದ ಫೋಟೋ ತೆಗೆದೆ. ಕನ್ನಡಿ ಹಿಡಿದಿರುವ ಕ್ಲಿಪ್ಪುಗಳು ಎಲ್ಲಿ ಕೂತಿವೆ, ಯಾವ ಸ್ಕ್ರೂ ಎಷ್ಟು ಹೊರಗೆ ಬಂದಿದೆ, ಎಲ್ಲಕ್ಕೂ ಹತ್ತಿರದ ಫೋಟೋ ಬೇಕು. ಆಮೇಲೆ ರಾತ್ರಿ ಒಂದು ನಕ್ಷತ್ರ ಆರಿಸಿ, ತೋಳನ್ನು ಸೊನ್ನೆಯ ಹತ್ತಿರ ಇಟ್ಟು, ನೇರವಾಗಿ ಕಾಣುವ ಚುಕ್ಕೆ ಮತ್ತು ಕನ್ನಡಿಯಿಂದ ಬರುವ ಚುಕ್ಕೆ ಎರಡನ್ನೂ ಒಂದು ಮಾಡಿ ರೀಡಿಂಗ್ ಬರೆದುಕೊಂಡೆ. ಐದು ಸಲ ಡ್ರಮ್ಮನ್ನು ಏರಿಸುತ್ತಾ, ಐದು ಸಲ ಇಳಿಸುತ್ತಾ.

ಕಡಿಮೆ ಎಂದರೆ 4.2 ಮಿನಿಟ್, ಜಾಸ್ತಿ ಎಂದರೆ 6.8 ಮಿನಿಟ್. ಏರಿಸುತ್ತಾ ಬಂದ ಸರಾಸರಿಗೂ ಇಳಿಸುತ್ತಾ ಬಂದ ಸರಾಸರಿಗೂ 1.6 ಮಿನಿಟ್ ವ್ಯತ್ಯಾಸ. ಇದಲ್ಲದೆ ಎರಡು ಚುಕ್ಕೆಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಲೂ ಇರಲಿಲ್ಲ. ಒಂದು ಇನ್ನೊಂದರ ಪಕ್ಕದಿಂದ ಹಾದು ಹೋಗುತ್ತಿತ್ತು. ಕನ್ನಡಿ ವಾಲಿದೆ ಎಂಬುದಕ್ಕೆ ಅದೇ ಗುರುತು.

ಕೋನದ ಮಿನಿಟ್ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. ಆಕಾಶದಲ್ಲಿ ಎತ್ತರ ಅಳೆಯುವಾಗ ಒಂದು ಮಿನಿಟ್ ತಪ್ಪಿದರೆ ನಕ್ಷೆಯ ಮೇಲೆ ನಿಮ್ಮ ಜಾಗ ತೋರಿಸುವ ಗೆರೆ ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರ್ ಆಚೀಚೆ ಹೋಗುತ್ತದೆ. ನನ್ನ ಸೆಕ್ಸ್ಟಂಟ್ ಎರಡೂವರೆ ಮೈಲಿ ಅಗಲದಲ್ಲಿ ಎಲ್ಲಿ ಬೇಕಾದರೂ ಇರಬಹುದು ಎನ್ನುತ್ತಿತ್ತು.

ಕಾಗದದ ಮೇಲೆ ಇನ್ನೊಂದು ಸಣ್ಣ ಲೆಕ್ಕ ಮಾಡಿದೆ. ಇಡೀ ಕೆಲಸಕ್ಕೆ ದಾರಿ ತೋರಿಸಿದ್ದು ಆ ಲೆಕ್ಕವೇ. ಕಮಾನಿನ ತ್ರಿಜ್ಯ ಸುಮಾರು 162 ಮಿಲಿಮೀಟರ್. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಹೊರಡುವ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ವೃತ್ತದ ಆರನೇ ಒಂದು ಭಾಗವಾದ 60 ಡಿಗ್ರಿ ಕಮಾನಿನ ಮೇಲೆ 120 ಡಿಗ್ರಿ ಬರೆದಿರುವುದು ಇದಕ್ಕೇ. 1731ರಲ್ಲಿ ಜಾನ್ ಹ್ಯಾಡ್ಲಿ ತೋರಿಸಿದ, ಸೆಕ್ಸ್ಟಂಟಿಗಿಂತ ಮೊದಲಿನ ಇಂಥದ್ದೇ ಉಪಕರಣವಾದ ಆಕ್ಟಂಟಿನಿಂದ ಇವತ್ತಿನವರೆಗೂ ಇದೇ ಎರಡು ಕನ್ನಡಿಯ ಉಪಾಯ ನಡೆದು ಬಂದಿದೆ. ಆದರೆ ಇದರ ಇನ್ನೊಂದು ಮುಖವೂ ಇದೆ. ರೀಡಿಂಗಿನಲ್ಲಿ ಒಂದು ಮಿನಿಟ್ ಅಂದರೆ ತೋಳು ನಿಜವಾಗಿ ಸರಿಯುವುದು ಅರ್ಧ ಮಿನಿಟ್ ಮಾತ್ರ. 162 ಮಿಲಿಮೀಟರ್ ದೂರದಲ್ಲಿ ಅದು ಬರೀ 0.024 ಮಿಲಿಮೀಟರ್.

ತಲೆಕೂದಲು ಸುಮಾರು 0.07 ಮಿಲಿಮೀಟರ್ ದಪ್ಪ ಇರುತ್ತದೆ. ಅಂದರೆ ಕಮಾನಿನ ಹಲ್ಲಿನ ನಡುವೆ ಒಂದು ಕೂದಲೆಳೆ ಸಿಕ್ಕಿಕೊಂಡರೆ ಮೂರು ಮೈಲಿ ತಪ್ಪು. ಇದನ್ನು ಬರೆದ ಮೇಲೆ ಮೊದಲು ಎಲ್ಲಿ ನೋಡಬೇಕು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಹಲ್ಲುಗಳು ಮತ್ತು ವರ್ಮ್ ಸ್ಕ್ರೂ

ಇದು ಮೈಕ್ರೋಮೀಟರ್ ಡ್ರಮ್ ಇರುವ ಸೆಕ್ಸ್ಟಂಟ್. ಕಮಾನಿನ ಕೆಳ ಅಂಚಿನಲ್ಲಿ ಹಲ್ಲು ಕೊರೆದಿರುತ್ತದೆ. ತೋಳಿನ ತುದಿಯಲ್ಲಿರುವ ವರ್ಮ್ ಸ್ಕ್ರೂ ಆ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಡ್ರಮ್ ಒಂದು ಸುತ್ತು ತಿರುಗಿದರೆ ತೋಳು ಒಂದು ಹಲ್ಲು ಮುಂದೆ, ರೀಡಿಂಗ್ ಒಂದು ಡಿಗ್ರಿ ಮುಂದೆ. ಹಲ್ಲಿನಿಂದ ಹಲ್ಲಿಗೆ ಇರುವ ದೂರ ಸುಮಾರು 1.4 ಮಿಲಿಮೀಟರ್. ತೋಳನ್ನು ದೂರ ಸರಿಸಬೇಕಾದರೆ ಎರಡು ಲಿವರ್ ಒತ್ತಿ ವರ್ಮನ್ನು ಹಲ್ಲಿನಿಂದ ಬಿಡಿಸಬೇಕು. ಬಿಡಿಸದೆ ಎಳೆದರೆ ಹಲ್ಲು ಹಾಳಾಗುತ್ತದೆ. ಹಾಳಾದ ಹಲ್ಲಿಗೆ ಮನೆಯಲ್ಲಿ ಮದ್ದಿಲ್ಲ.

ಭೂತಗನ್ನಡಿ ಹಿಡಿದು ನೋಡಿದಾಗ ಹಲ್ಲುಗಳ ನಡುವೆ ಕಂದು ಬಣ್ಣದ ಮೇಣದಂಥ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಹಳೆಯ ಗ್ರೀಸ್ ಒಣಗಿ, ಅದಕ್ಕೆ ಧೂಳು ಮತ್ತು ಬಟ್ಟೆಯ ನವಿರು ಎಳೆ ಸೇರಿಕೊಂಡಿತ್ತು. 30ರಿಂದ 60 ಡಿಗ್ರಿಯ ನಡುವೆ ಜಾಸ್ತಿ. ಜಾಸ್ತಿ ಬಳಕೆಯಾಗುವ ಜಾಗವೂ ಅದೇ ಅಲ್ವಾ. ಕೀಲುಗಳ ಹತ್ತಿರ ಸ್ವಲ್ಪ ಹಸಿರು ಕಿಲುಬು ಕೂಡ ಇತ್ತು.

ಮೆದು ಎಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ತೇವ ಮಾತ್ರ ಉಳಿಯುವ ಹಾಗೆ ಮಾಡಿಕೊಂಡೆ. ಸುರಿಯುವಷ್ಟು ಸೀಮೆಎಣ್ಣೆ ಬೇಡ. ಅದು ಹರಿದು ಕನ್ನಡಿಯ ಕಡೆಗೆ ಅಥವಾ ನಡುವಿನ ಕೀಲಿಗೆ ಹೋದರೆ ಹೊಸ ತಲೆನೋವು. ಬ್ರಷ್ಷನ್ನು ಹಲ್ಲಿನ ಉದ್ದಕ್ಕೆ ಎಳೆಯಬೇಕು, ಕಮಾನಿನ ಉದ್ದಕ್ಕೆ ಅಲ್ಲ. ಕಮಾನಿನ ಉದ್ದಕ್ಕೆ ಉಜ್ಜಿದರೆ ಕೊಳೆ ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಹೋಗಿ ಕೂರುತ್ತದೆ, ಅಷ್ಟೇ. ಐದೈದು ಹಲ್ಲು ಉಜ್ಜುವುದು, ಎಳೆ ಬಿಡದ ಬಟ್ಟೆಯಿಂದ ಒತ್ತಿ ತೆಗೆಯುವುದು, ಭೂತಗನ್ನಡಿಯಲ್ಲಿ ನೋಡುವುದು. ಗಟ್ಟಿಯಾಗಿ ಕೂತಿದ್ದ ಕಡೆ ಮರದ ಹಲ್ಲುಕಡ್ಡಿ ಬಳಸಿದೆ. ಸೂಜಿ, ಪಿನ್, ಬ್ಲೇಡ್ ಯಾವುದನ್ನೂ ಹತ್ತಿರ ತರಲಿಲ್ಲ. ಹಿತ್ತಾಳೆಗಿಂತ ಉಕ್ಕು ಗಟ್ಟಿ. ಒಂದು ಗೀರು ಬಿದ್ದರೆ ಅದು ಶಾಶ್ವತ.

ಇಡೀ ಕಮಾನಿಗೆ ಎರಡು ಸಂಜೆ ಹಿಡಿಯಿತು. ಬೇಜಾರಿನ ಕೆಲಸ ಅಂತ ಅನ್ನಿಸಲೇ ಇಲ್ಲ. ಒಂದೊಂದು ಹಲ್ಲೂ ಹೊರಬರುವಾಗ ಅದನ್ನು ಕೊರೆದವರ ಕೈ ಎಷ್ಟು ಶುದ್ಧ ಅಂತ ಕಾಣುತ್ತದೆ.

ವರ್ಮ್ ಸ್ಕ್ರೂ ಶುಚಿ ಮಾಡುವಾಗ ನಿಜವಾದ ಕಾರಣ ಸಿಕ್ಕಿತು. ವರ್ಮನ್ನು ಒಂದು ಸಣ್ಣ ಸ್ಪ್ರಿಂಗ್ ಹಲ್ಲಿನ ಕಡೆಗೆ ಒತ್ತಿ ಹಿಡಿದಿರುತ್ತದೆ. ಲಿವರ್ ಬಿಟ್ಟಾಗ ಅದು ಟಕ್ ಅಂತ ಪೂರ್ತಿ ಕೂರಬೇಕು. ನನ್ನದರಲ್ಲಿ ವರ್ಮ್ ಕೂತಿರುವ ತೊಟ್ಟಿಲಿನ ಕೀಲಿನಲ್ಲೇ ಗ್ರೀಸ್ ಅಂಟಾಗಿತ್ತು. ಲಿವರ್ ಬಿಟ್ಟರೆ ವರ್ಮ್ ಮೆಲ್ಲಗೆ ಬಂದು, ಪೂರ್ತಿ ಕೂರದೆ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ಸಲ ಒಂದು ಆಳ, ಇನ್ನೊಂದು ಸಲ ಇನ್ನೊಂದು ಆಳ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿದ್ದದ್ದು ಇಲ್ಲಿಂದಲೇ.

ಆ ಕೀಲಿಗೆ ಒಂದು ಹನಿ ಸೀಮೆಎಣ್ಣೆ ಬಿಟ್ಟು, ಲಿವರ್ ಒತ್ತಿ ಬಿಟ್ಟು ಮಾಡಿ, ಹೊರಬಂದ ಕಂದು ರಸವನ್ನು ಹತ್ತಿಯಿಂದ ಹೀರಿ ತೆಗೆದೆ. ಇದನ್ನು ಆರೇಳು ಸಲ ಮಾಡಿದ ಮೇಲೆ ಹತ್ತಿ ಬಿಳಿಯಾಗಿಯೇ ಉಳಿಯಿತು. ಪೂರ್ತಿ ಒಣಗಿದ ನಂತರ ಗಡಿಯಾರಕ್ಕೆ ಹಾಕುವ ತೆಳು ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಕೀಲಿಗೆ ಮುಟ್ಟಿಸಿದೆ. ವರ್ಮಿಗೂ ಅಷ್ಟೇ. ಆಮೇಲೆ ಡ್ರಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ, ಹಲ್ಲುಗಳ ಮೇಲೆ ಉಳಿದ ಎಣ್ಣೆಯನ್ನು ಒರೆಸಿಬಿಟ್ಟೆ. ಇಲ್ಲಿ ಎಣ್ಣೆ ಜಾಸ್ತಿಯಾದರೆ ಅದೇ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕೆಲವು ವರ್ಷಕ್ಕೆ ಮತ್ತೆ ಅದೇ ಮೇಣ.

ಅದೇ ರಾತ್ರಿ ಮತ್ತೆ ಹತ್ತು ರೀಡಿಂಗ್. 5.0ರಿಂದ 5.6. ಏರಿಕೆ ಇಳಿಕೆಯ ವ್ಯತ್ಯಾಸ 0.4ಕ್ಕೆ ಇಳಿದಿತ್ತು. ಕನ್ನಡಿ ಇನ್ನೂ ಮುಟ್ಟಿರಲಿಲ್ಲ, ಒಂದು ಸ್ಕ್ರೂ ಕೂಡ ಹೊಂದಿಸಿರಲಿಲ್ಲ. ಕುರ್ಚಿಯಿಂದ ಎದ್ದು ಓಡಾಡಿಬಿಟ್ಟೆ, ಅಷ್ಟು ಖುಷಿ.

ಉಳಿದ 0.4 ಮಿನಿಟ್ ಪ್ಲೇ, ಅಂದರೆ ವರ್ಮ್ ಮತ್ತು ಹಲ್ಲಿನ ನಡುವಿನ ಸಡಿಲ, ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಯಾವಾಗಲೂ ಕೊನೆಯ ತಿರುವು ಒಂದೇ ದಿಕ್ಕಿನಲ್ಲಿ ಇರುವ ಹಾಗೆ ನೋಡಿಕೊಂಡರೆ ಸಾಕು. ನಾನು ಏರಿಸುತ್ತಾ ಮುಗಿಸುತ್ತೇನೆ. ದಾಟಿ ಹೋದರೆ ಹಿಂದೆ ತಂದು ಮತ್ತೆ ಏರಿಸುತ್ತೇನೆ.

ಕಮಾನಿಗೆ ಯಾರೋ ಹಚ್ಚಿದ್ದ ಪಾಲಿಶ್

ಕಮಾನಿನ ಮೇಲಿನ ಗೆರೆಗಳು 35ರಿಂದ 50 ಡಿಗ್ರಿಯ ತನಕ ಮಸುಕಾಗಿದ್ದವು. ಯಾವುದೋ ಕಾಲದಲ್ಲಿ ಯಾರೋ ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದ್ದಾರೆ. ಪಾಲಿಶ್ ಅಂದರೆ ಸಣ್ಣ ಸಣ್ಣ ಹರಳಿನ ಪುಡಿ. ಅದು ಕೊಳೆಯ ಜೊತೆ ಲೋಹವನ್ನೂ ಒಯ್ಯುತ್ತದೆ. ಡ್ರಮ್ ಇರುವ ಸೆಕ್ಸ್ಟಂಟಿನಲ್ಲಿ ಕಮಾನಿನ ಗೆರೆ ಹೇಳುವುದು ಪೂರ್ತಿ ಡಿಗ್ರಿ ಮಾತ್ರ, ಸೂಕ್ಷ್ಮ ಅಳತೆ ಹಲ್ಲಿನಲ್ಲಿದೆ. ಹಾಗಾಗಿ ನನಗೆ ನಷ್ಟ ಆಗಿರಲಿಲ್ಲ. ಇದೇ ಕೆಲಸವನ್ನು ಡ್ರಮ್ ಇಲ್ಲದ ಹಳೆಯ ವರ್ನಿಯರ್ ಸೆಕ್ಸ್ಟಂಟಿಗೆ ಮಾಡಿದ್ದರೆ ಮುಗಿಯಿತು. ಅವುಗಳಲ್ಲಿ ಬೆಳ್ಳಿಯ ತೆಳು ಪಟ್ಟಿಯ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳಿರುತ್ತವೆ. ಅಳತೆ ಇರುವುದೇ ಆ ಗೆರೆಗಳಲ್ಲಿ. ಕನ್ನಡಿಯ ಹಾಗೆ ಹೊಳೆಯುವ ಹಳೆಯ ಸೆಕ್ಸ್ಟಂಟ್ ಕಂಡರೆ ನನಗೆ ಈಗ ಸಂಕಟ ಆಗುತ್ತದೆ.

ನಾನು ಮಾಡಿದ್ದು ಇಷ್ಟು. ಬಟ್ಟೆಗೆ ಒಂದೆರಡು ಹನಿ ತುಂಬಾ ತೆಳುಮಾಡಿದ ಅಮೋನಿಯಾ ಹಾಕಿ ಒಮ್ಮೆ ಒರೆಸಿ, ಕೂಡಲೇ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಿದೆ. ಆಮೇಲೆ ಎಣ್ಣೆ ದೀಪದ ಮೇಲೆ ಲೋಹದ ತಟ್ಟೆ ಹಿಡಿದು ಕಪ್ಪು ಹಿಡಿಸಿಕೊಂಡು, ಅದಕ್ಕೆ ಒಂದು ಹನಿ ತೆಳು ಎಣ್ಣೆ ಬೆರೆಸಿ ಕಾಡಿಗೆ ಮಾಡಿ, ಬೆರಳಿನಿಂದ ಗೆರೆಗಳ ಮೇಲೆ ಸವರಿದೆ. ಮೇಲಿನದನ್ನು ಬಟ್ಟೆಯಿಂದ ಅಡ್ಡಡ್ಡ ಒರೆಸಿದರೆ ಗೆರೆಯ ಒಳಗಿನ ಕಪ್ಪು ಅಲ್ಲೇ ಉಳಿಯುತ್ತದೆ. ಮಸುಕಾದ ಗೆರೆಗಳು ಪೂರ್ತಿ ವಾಪಸ್ ಬರಲಿಲ್ಲ. ಆದರೆ ಟಾರ್ಚ್ ಬೆಳಕಿನಲ್ಲಿ ಈಗ ಓದಬಹುದು.

ಕನ್ನಡಿಗಳು

ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ಬಿಡಿಸಿಯೇ ಹೇಳುತ್ತೇನೆ.

ಎರಡು ಕನ್ನಡಿ. ತೋಳಿನ ಮೇಲೆ ಕೂತು ತೋಳಿನ ಜೊತೆ ತಿರುಗುವುದು ಇಂಡೆಕ್ಸ್ ಕನ್ನಡಿ. ಫ್ರೇಮಿಗೆ ಕೂತಿರುವುದು ಹಾರಿಜಾನ್ ಕನ್ನಡಿ. ಅದರ ಅರ್ಧಕ್ಕೆ ಮಾತ್ರ ರಸ ಇರುತ್ತದೆ, ಇನ್ನರ್ಧ ಬರೀ ಗಾಜು. ನನ್ನ ಹಾರಿಜಾನ್ ಕನ್ನಡಿಯ ಕೆಳ ಅಂಚಿನಲ್ಲಿ ರಸ ಕಪ್ಪಾಗಿ, ಎರಡು ಮಿಲಿಮೀಟರಿನಷ್ಟು ತಿಂದು ಹೋಗಿತ್ತು. ಉಪ್ಪು ನೀರಿನ ಕೆಲಸ ಅದು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ತೇವ ಅಂಚಿನಿಂದ ಒಳಗೆ ಹತ್ತಿ ರಸ ಕೆಡಿಸುತ್ತದೆ. ಸಮುದ್ರದಲ್ಲಿ ಬಳಸಿದ ದಿನವೇ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕನ್ನಡಿ ಒರೆಸಿ ಒಣಗಿಸಿದ್ದರೆ ಇದು ಆಗುತ್ತಿರಲಿಲ್ಲ.

ಹೊಸ ಕನ್ನಡಿ ಹಾಕಬೇಕಾ ಅಂತ ತುಂಬಾ ಯೋಚಿಸಿದೆ. ಬೇಡ ಅಂತ ತೀರ್ಮಾನಿಸಿದೆ. ಅಂಚು ಕಪ್ಪಾದರೆ ಹೋಗುವುದು ಸ್ವಲ್ಪ ಬೆಳಕು, ಅಳತೆಯಲ್ಲ. ಅಳತೆಗೆ ಬೇಕಾದದ್ದು ಗಾಜಿನ ಎರಡು ಮುಖಗಳು ಸಮತಟ್ಟಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರುವುದು. ಹಳೆಯ ಗಾಜಿನಲ್ಲಿ ಅದು ಚೆನ್ನಾಗಿತ್ತು. ಮನೆಯಲ್ಲಿ ಮುಖ ನೋಡುವ ಕನ್ನಡಿಯಿಂದ ತುಂಡು ಕತ್ತರಿಸಿ ಹಾಕಿದರೆ ಬೆಳಕು ಬರುತ್ತದೆ, ನಿಖರತೆ ಹೋಗುತ್ತದೆ.

ಶುಚಿ ಮಾಡುವುದಕ್ಕೆ ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಬೇಕು. ಒಣ ಗಾಜನ್ನು ಒಣ ಬಟ್ಟೆಯಿಂದ ಒರೆಸಲೇಬಾರದು. ಧೂಳಿನ ಕಣವೇ ಗೀರುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಲೆನ್ಸ್ ಒರೆಸುವ ಕಾಗದವನ್ನು ಅದರಲ್ಲಿ ತೇವ ಮಾಡಿ ಗಾಜಿನ ಮೇಲಿಟ್ಟು, ಒತ್ತದೆ, ಕಾಗದದ ಭಾರದಲ್ಲೇ ಎಳೆದೆ. ಪ್ರತಿ ಎಳೆತಕ್ಕೂ ಹೊಸ ಕಾಗದ. ಕೊನೆಗೆ ಬರೀ ಡಿಸ್ಟಿಲ್ಡ್ ನೀರು. ಬೆರಳಚ್ಚು ಇದ್ದ ಒಂದು ಕಡೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿದೆ, ಅದೂ ನಡುವಿನಲ್ಲಿ. ಅಂಚಿಗೆ ತಾಗಿದರೆ ಹಿಂದಿನ ಬಣ್ಣವನ್ನು ಅದು ಮೆತ್ತಗೆ ಮಾಡಬಹುದು. ಎಲ್ಲ ಒಂದು ದಿನ ಒಣಗಿದ ಮೇಲೆ ತಿಂದುಹೋದ ಅಂಚಿಗೆ ಸಣ್ಣ ಬ್ರಷ್ಷಿನಿಂದ ಕಪ್ಪು ಎನಾಮೆಲ್ ಪೇಂಟ್ ತೆಳುವಾಗಿ ಹಚ್ಚಿದೆ. ರಸ ವಾಪಸ್ ಬರುವುದಿಲ್ಲ, ಆದರೆ ತೇವ ಮುಂದಕ್ಕೆ ಹೋಗದ ಹಾಗೆ ಬಾಗಿಲು ಮುಚ್ಚಿದಂತಾಯಿತು.

ಇಂಡೆಕ್ಸ್ ಕನ್ನಡಿಯನ್ನು ಅದರ ಚೌಕಟ್ಟಿನಿಂದ ತೆಗೆದಾಗ ಅದು ಕೂರುವ ಮೂರು ಸಣ್ಣ ದಿಬ್ಬಗಳ ಮೇಲೂ ಜಿಡ್ಡು ಇತ್ತು. ಅದನ್ನು ಬಿಡಬಾರದು. ಕನ್ನಡಿ ಸುಮಾರು 40 ಮಿಲಿಮೀಟರ್ ಉದ್ದ. ಒಂದು ತುದಿಯ ಕೆಳಗೆ 0.01 ಮಿಲಿಮೀಟರ್ ಕೊಳೆ ಕೂತರೆ ರೀಡಿಂಗಿನಲ್ಲಿ 1.7 ಮಿನಿಟ್ ಆಗುತ್ತದೆ. ಗಟ್ಟಿ ಕೊಳೆಯಾದರೆ ಅದು ಸ್ಥಿರ ತಪ್ಪು, ಕಳೆದುಬಿಡಬಹುದು. ಮೆತ್ತನೆಯ ಜಿಡ್ಡಾದರೆ ಬಿಸಿಲಿಗೆ ಒಂದು ತರ, ತಂಪಿಗೆ ಒಂದು ತರ.

ನನ್ನ ತಪ್ಪು ಜೋಡಿಸುವಾಗ ಆಯಿತು. ಕನ್ನಡಿಯನ್ನು ಮುಂದಿನಿಂದ ಕ್ಲಿಪ್ಪುಗಳು ಒತ್ತಿ ಹಿಡಿಯುತ್ತವೆ. ಪ್ರತಿ ಕ್ಲಿಪ್ಪಿನ ತುದಿ ಹಿಂದಿನ ದಿಬ್ಬದ ಎದುರಿಗೇ ಬರಬೇಕು. ನಾನು ಒಂದು ಕ್ಲಿಪ್ಪನ್ನು ಮೂರ್ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಕೂರಿಸಿ ಬಿಗಿ ಮಾಡಿದ್ದೆ. ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ರಾತ್ರಿ ನೋಡಿದರೆ ನಕ್ಷತ್ರ ಚುಕ್ಕೆಯಾಗಿ ಕಾಣಲಿಲ್ಲ, ಸಣ್ಣ ಗೀಟಿನ ಹಾಗೆ ಎಳೆದುಕೊಂಡಿತ್ತು. ಟೆಲಿಸ್ಕೋಪಿನ ಫೋಕಸ್ ಅಂತ ಅರ್ಧ ಗಂಟೆ ಒದ್ದಾಡಿದೆ. ನೇರವಾಗಿ ಕಾಣುವ ನಕ್ಷತ್ರ ಚೊಕ್ಕವಾಗಿದೆ, ಕನ್ನಡಿಯದು ಮಾತ್ರ ಎಳೆದಿದೆ ಅಂತ ಗಮನಿಸಿದ ಮೇಲೆ ಹೊಳೆಯಿತು. ಗಾಜು ಬಾಗಿದೆ. ಮೊದಲ ದಿನದ ಫೋಟೋ ತೆಗೆದು ನೋಡಿ, ಕ್ಲಿಪ್ಪನ್ನು ಅದರ ಜಾಗಕ್ಕೆ ತಂದೆ. ಬಿಗಿಯನ್ನೂ ಕಡಿಮೆ ಮಾಡಿದೆ. ಕನ್ನಡಿ ಅಲುಗಾಡದಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಬಿಗಿ ಗಾಜಿಗೆ ಬೇಡ. ನಕ್ಷತ್ರ ಮತ್ತೆ ಚುಕ್ಕೆಯಾಯಿತು.

ಬಣ್ಣದ ಗಾಜುಗಳನ್ನೂ ಟೆಲಿಸ್ಕೋಪನ್ನೂ ಇದೇ ರೀತಿ ಊದಿ, ತೇವದ ಕಾಗದದಿಂದ ಎಳೆದೆ. ಟೆಲಿಸ್ಕೋಪನ್ನು ಬಿಚ್ಚಲಿಲ್ಲ. ನಡುವಿನ ಕೀಲು, ಅಂದರೆ ತೋಳು ತಿರುಗುವ ಆ ದಪ್ಪ ಗೂಟ, ಅದನ್ನಂತೂ ಮುಟ್ಟಲೇ ಇಲ್ಲ. ಅದು ಮೆತ್ತಗೆ, ಅಲುಗಾಟವಿಲ್ಲದೆ ತಿರುಗುತ್ತಿತ್ತು. ಕಮಾನಿನ ಕೇಂದ್ರ ಮತ್ತು ಈ ಕೀಲಿನ ಕೇಂದ್ರ ಒಂದೇ ಕಡೆ ಇರುವ ಹಾಗೆ ತಯಾರಿಸಿದವರು ಕೂರಿಸಿರುತ್ತಾರೆ. ಅದು ತಪ್ಪಿದರೆ ಸ್ಕ್ರೂ ತಿರುಗಿಸಿ ಸರಿ ಮಾಡುವ ದಾರಿ ಇಲ್ಲ.

ಹೊಂದಿಸುವುದು

ಇದಕ್ಕೆ ಒಂದು ಕ್ರಮ ಇದೆ, ಹಿಂದೆ ಮುಂದೆ ಮಾಡಿದರೆ ಕೆಲಸ ಎರಡಾಗುತ್ತದೆ. ಮೊದಲು ಇಂಡೆಕ್ಸ್ ಕನ್ನಡಿ ಫ್ರೇಮಿಗೆ ನೇರವಾಗಿ ನಿಂತಿದೆಯಾ, ಆಮೇಲೆ ಹಾರಿಜಾನ್ ಕನ್ನಡಿ ನೇರವಾಗಿದೆಯಾ, ಕೊನೆಗೆ ಸೊನ್ನೆಯಲ್ಲಿ ಎರಡೂ ಸಮಾನಾಂತರವಾಗಿವೆಯಾ.

ಮೊದಲನೆಯದಕ್ಕೆ ಆಕಾಶ ಬೇಡ, ಮೇಜು ಸಾಕು. ತೋಳನ್ನು ಸುಮಾರು 35 ಡಿಗ್ರಿಗೆ ಇಟ್ಟು, ಸೆಕ್ಸ್ಟಂಟನ್ನು ಮಲಗಿಸಿ ಹಿಡಿದು, ಕಮಾನು ನಮ್ಮಿಂದ ಆಚೆ ಇರುವ ಹಾಗೆ ನೋಡಬೇಕು. ಇಂಡೆಕ್ಸ್ ಕನ್ನಡಿಯಲ್ಲಿ ಕಮಾನಿನ ಪ್ರತಿಬಿಂಬ ಕಾಣುತ್ತದೆ, ಪಕ್ಕದಲ್ಲಿ ನಿಜವಾದ ಕಮಾನು. ಎರಡೂ ಒಂದೇ ಗೆರೆಯಾಗಿ ಮುಂದುವರಿದರೆ ಸರಿ. ನನ್ನದರಲ್ಲಿ ಸಣ್ಣ ಮೆಟ್ಟಿಲಿನ ಹಾಗೆ ಮುರಿದಿತ್ತು. ಕನ್ನಡಿಯ ಹಿಂದಿರುವ ಸ್ಕ್ರೂ ತಿರುಗಿಸಿದೆ, ಪೂರ್ತಿ ಸುತ್ತಿನ ಎಂಟನೇ ಒಂದು ಭಾಗ ಇದ್ದಿರಬಹುದು. ಮೆಟ್ಟಿಲು ಮಾಯವಾಯಿತು.

ಎರಡನೆಯದಕ್ಕೆ ನಕ್ಷತ್ರ. ಸೊನ್ನೆಯ ಹತ್ತಿರ ಇಟ್ಟು ಡ್ರಮ್ಮನ್ನು ಆಚೀಚೆ ತಿರುಗಿಸಿದರೆ ಪ್ರತಿಬಿಂಬದ ಚುಕ್ಕೆ ಮೇಲೆ ಕೆಳಗೆ ಓಡುತ್ತದೆ. ಅದು ನೇರ ಚುಕ್ಕೆಯ ಮೇಲೆಯೇ ಹಾದು ಹೋಗಬೇಕು. ಪಕ್ಕದಿಂದ ಹೋದರೆ ಅದು ಸೈಡ್ ಎರರ್. ಇದಕ್ಕೆ ಹಾರಿಜಾನ್ ಕನ್ನಡಿಯ ಹಿಂದೆ, ಫ್ರೇಮಿನಿಂದ ದೂರ ಇರುವ ಸ್ಕ್ರೂ. ಇನ್ನೊಂದು ಸ್ಕ್ರೂ ಮೂರನೆಯ ಕೆಲಸಕ್ಕೆ, ಇಂಡೆಕ್ಸ್ ಎರರ್, ಅಂದರೆ ಎರಡು ಚುಕ್ಕೆ ಒಂದಾದಾಗ ರೀಡಿಂಗ್ ಸೊನ್ನೆಯಿಂದ ಎಷ್ಟು ತಪ್ಪಿದೆಯೋ ಅದನ್ನು ಕಡಿಮೆ ಮಾಡುವುದಕ್ಕೆ. ತೊಂದರೆ ಏನೆಂದರೆ ಒಂದನ್ನು ತಿರುಗಿಸಿದರೆ ಇನ್ನೊಂದು ಸ್ವಲ್ಪ ಕೆಡುತ್ತದೆ. ಇದನ್ನು ಅರ್ಧ, ಅದನ್ನು ಅರ್ಧ ಅಂತ ಐದು ಸುತ್ತು ಹಾಕಿದ ಮೇಲೆ ಎರಡೂ ಹದಕ್ಕೆ ಬಂದವು.

ದೂರದ ಕಂಬವೋ ಗೋಪುರವೋ ನೋಡಿ ಹಗಲಲ್ಲೇ ಮುಗಿಸಬಹುದಲ್ಲ ಅನ್ನಿಸಬಹುದು. ಹುಷಾರು. ಇಂಡೆಕ್ಸ್ ಕನ್ನಡಿ ನಿಮ್ಮ ನೇರ ನೋಟದ ಗೆರೆಯಿಂದ ಕೆಲವು ಸೆಂಟಿಮೀಟರ್ ಪಕ್ಕದಲ್ಲಿದೆ. ಅದು 5 ಸೆಂಟಿಮೀಟರ್ ಅಂತಿಟ್ಟುಕೊಂಡರೆ 100 ಮೀಟರ್ ದೂರದ ವಸ್ತುವಿಗೆ 1.7 ಮಿನಿಟ್ ತಪ್ಪು ಬರುತ್ತದೆ. 1 ಕಿಲೋಮೀಟರಿಗೆ 0.17. 5 ಕಿಲೋಮೀಟರ್ ದಾಟಿದರೆ ಚಿಂತೆಯಿಲ್ಲ. ನಕ್ಷತ್ರಕ್ಕೆ ಈ ಲೆಕ್ಕವೇ ಬೇಡ.

ಇಂಡೆಕ್ಸ್ ಎರರನ್ನು ಸೊನ್ನೆಗೆ ತರಲು ಹಟ ಹಿಡಿಯಲಿಲ್ಲ. ಎರಡು ಮೂರು ಮಿನಿಟಿನ ಒಳಗೆ ಬಂದರೆ ಬಿಟ್ಟುಬಿಡುವುದು ಒಳ್ಳೆಯದು. ಸ್ಕ್ರೂ ಪದೇ ಪದೇ ತಿರುಗಿಸಿದರೆ ಎಳೆ ಸವೆದು, ಅದು ಇಟ್ಟಲ್ಲಿ ನಿಲ್ಲುವುದಿಲ್ಲ. ಆಗ ಸ್ಥಿರ ತಪ್ಪು ಹೋಗಿ ಅಲೆದಾಡುವ ತಪ್ಪು ಬರುತ್ತದೆ.

ಟೆಲಿಸ್ಕೋಪಿನ ಗೆರೆ ಫ್ರೇಮಿಗೆ ಸಮಾನಾಂತರ ಇದೆಯಾ ಅಂತಲೂ ನೋಡಿದೆ. ಸೆಕ್ಸ್ಟಂಟನ್ನು ಮೇಜಿನ ಮೇಲೆ ಮಲಗಿಸಿ, ಕಮಾನಿನ ಎರಡು ತುದಿಗೆ ಒಂದೇ ಎತ್ತರದ ಎರಡು ತುಂಡು ಇಟ್ಟು, ಅವುಗಳ ನೆತ್ತಿಯ ಗೆರೆಯಲ್ಲಿ ದೂರದ ಗೋಡೆಗೆ ಗುರುತು ಹಾಕಿ, ಟೆಲಿಸ್ಕೋಪ್ ಆ ನೆತ್ತಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಮೇಲೆ ಇನ್ನೊಂದು ಗುರುತು. ಆ ಗುರುತು ನೋಟದ ನಡುವೆ ಬಂತು. ಅಲ್ಲಿಗೆ ಬಿಟ್ಟೆ.

ಸೂರ್ಯನ ಸಾಕ್ಷಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ನಾನು ಸರಿಯಾಗಿ ಮಾಡಿದೆನಾ ಅಂತ ತಾನೇ ಹೇಳಿಬಿಡುವ ಪರೀಕ್ಷೆ.

ಮೊದಲು ಒಂದು ಮಾತು. ಎರಡೂ ಕನ್ನಡಿಯ ಮುಂದೆ ಗಾಢ ಬಣ್ಣದ ಗಾಜು ಬಂದಿದೆ ಅಂತ ಕೈಯಿಂದ ಮುಟ್ಟಿ ನೋಡದೆ ಟೆಲಿಸ್ಕೋಪಿಗೆ ಕಣ್ಣು ಇಡಬೇಡಿ. ಬರೀ ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗುತ್ತದೆ. ಹೊರಗೆ ತಂದ ಮೇಲೆ ಕಾಲು ಗಂಟೆ ನೆರಳಿನಲ್ಲಿ ಬಿಟ್ಟು ಲೋಹ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ.

ಸೊನ್ನೆಯ ಹತ್ತಿರ ಎರಡು ಸೂರ್ಯ ಕಾಣುತ್ತವೆ. ಒಂದನ್ನು ಮೇಲೆ ಸರಿಸಿ ಅಂಚಿಗೆ ಅಂಚು ಮುಟ್ಟಿಸಿ ಓದಬೇಕು. ಆಮೇಲೆ ಕೆಳಗೆ ಸರಿಸಿ ಇನ್ನೊಂದು ಅಂಚನ್ನು ಮುಟ್ಟಿಸಿ ಓದಬೇಕು. ಒಂದು ರೀಡಿಂಗ್ ಸೊನ್ನೆಯ ಒಳಗೆ, ಅಂದರೆ ಕಮಾನಿನ ಅಂಕಿಗಳು ಏರುವ ಕಡೆ ಬರುತ್ತದೆ, ಇನ್ನೊಂದು ಸೊನ್ನೆಯಿಂದ ಹೊರಗೆ. ನನಗೆ ಒಳಗೆ 33.4 ಬಂತು. ಹೊರಗೆ ಡ್ರಮ್ 30.2 ತೋರಿಸಿತು. ಹೊರಗಿನ ರೀಡಿಂಗನ್ನು 60ರಿಂದ ಕಳೆಯಬೇಕು, ಅಂದರೆ 29.8. ಎರಡನ್ನೂ ಕೂಡಿದರೆ 63.2. ಅದರ ನಾಲ್ಕನೇ ಒಂದು ಭಾಗ 15.8. ಅದು ಸೂರ್ಯನ ಅರ್ಧ ವ್ಯಾಸ ಆಗಿರಬೇಕು. ನಾವಿಕರ ಪಂಚಾಂಗವಾದ ನಾಟಿಕಲ್ ಆಲ್ಮನ್ಯಾಕಿನಲ್ಲಿ ಆ ದಿನಕ್ಕೆ ಕೊಟ್ಟದ್ದೂ 15.8. ಜನವರಿಯ ಮೊದಲಲ್ಲಿ ಇದು 16.3 ಇರುತ್ತದೆ, ಜುಲೈ ಮೊದಲಲ್ಲಿ 15.7. ಭೂಮಿ ಸೂರ್ಯನಿಗೆ ಹತ್ತಿರ ಹೋಗಿ ದೂರ ಬರುವುದು ಈ ಹಿತ್ತಾಳೆಯ ಕಮಾನಿನಲ್ಲಿ ಕಾಣುತ್ತದೆ ಅನ್ನುವುದು ಇವತ್ತಿಗೂ ನನಗೆ ಬೆರಗು.

ಎರಡು ರೀಡಿಂಗಿನ ವ್ಯತ್ಯಾಸದ ಅರ್ಧ ಇಂಡೆಕ್ಸ್ ಎರರ್. 3.6ರ ಅರ್ಧ 1.8, ಸೊನ್ನೆಯ ಒಳಗೆ. ಒಳಗಿದ್ದರೆ ಕಳೆಯಬೇಕು, ಹೊರಗಿದ್ದರೆ ಕೂಡಬೇಕು.

ಕೊನೆಗೆ ನಿಜವಾದ ಅಳತೆ. ಸಮುದ್ರದ ದಿಗಂತ ಇಲ್ಲದ ಕಡೆ ತಟ್ಟೆಯಲ್ಲಿ ಕಪ್ಪಗಿನ ದಪ್ಪ ಎಣ್ಣೆ ಹಾಕಿದರೆ ಅದೇ ದಿಗಂತ. ನೀರಿಗಿಂತ ಎಣ್ಣೆ ವಾಸಿ, ಗಾಳಿಗೆ ಬೇಗ ಅಲುಗುವುದಿಲ್ಲ. ಎಣ್ಣೆಯಲ್ಲಿ ಕಾಣುವ ಸೂರ್ಯನ ಮೇಲೆ ಕನ್ನಡಿಯ ಸೂರ್ಯನನ್ನು ಪೂರ್ತಿ ಕೂರಿಸಿದರೆ ಎತ್ತರದ ಎರಡರಷ್ಟು ಕೋನ ಸಿಗುತ್ತದೆ. ಮೊದಲು ಇಂಡೆಕ್ಸ್ ಎರರ್ ಕಳೆದು, ಆಮೇಲೆ ಅರ್ಧ ಮಾಡಬೇಕು. ಆ ಅರ್ಧದಿಂದ ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಕಳೆಯಬೇಕು. 45 ಡಿಗ್ರಿ ಎತ್ತರದಲ್ಲಿ ಅದು ಸುಮಾರು 1 ಮಿನಿಟ್. ಸೂರ್ಯ 60 ಡಿಗ್ರಿಗಿಂತ ಮೇಲಿದ್ದರೆ ಎರಡರಷ್ಟು ಕೋನ ಕಮಾನು ಮೀರಿ ಹೋಗುತ್ತದೆ. ಹಾಗಾಗಿ ಬೆಳಗ್ಗೆ ನೋಡಿದೆ. ಗಡಿಯಾರ ಸೆಕೆಂಡಿನ ಲೆಕ್ಕದಲ್ಲಿ ಸರಿ ಇರಬೇಕು. ಭೂಮಿ 4 ಸೆಕೆಂಡಿಗೆ ಒಂದು ಮಿನಿಟ್ ತಿರುಗುತ್ತದೆ.

ಕೆಲಸ ಶುರು ಮಾಡುವ ಮೊದಲು ಇದೇ ತಟ್ಟೆಯಲ್ಲಿ ಐದು ಸಲ ನೋಡಿದ್ದೆ. ಆ ಜಾಗಕ್ಕೆ, ಆ ಹೊತ್ತಿಗೆ ಲೆಕ್ಕ ಹಾಕಿದ ಎತ್ತರಕ್ಕೂ ಅಳೆದ ಎತ್ತರಕ್ಕೂ ಇದ್ದ ಅಂತರ ಒಂದು ಸಲ 0.5, ಇನ್ನೊಂದು ಸಲ 2.3, ಹೀಗೆ ದಿಕ್ಕಿಲ್ಲದೆ ಹರಡಿತ್ತು. ಈಗ ಎಂಟು ಸಲ ನೋಡಿದೆ. ಎಂಟೂ 0.2ರಿಂದ 0.7ರ ಒಳಗೆ. ಹಿರಿಯರಿಗೆ ಫೋನ್ ಮಾಡಿ ಎಂಟೂ ಸಂಖ್ಯೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಬಣ್ಣದ ಗಾಜು ಹಾಕಿದ್ದೆ?" ಅಂತ ಕೇಳಿದರು.

ಅದನ್ನು ನಾನು ಬರೆದುಕೊಂಡಿರಲಿಲ್ಲ. ಮರುದಿನ ಸೂರ್ಯನ ಇಂಡೆಕ್ಸ್ ಎರರನ್ನು ಒಂದೊಂದು ಬಣ್ಣದ ಗಾಜು ಬದಲಿಸಿ ಮತ್ತೆ ತೆಗೆದೆ. ಮೂರು ಗಾಜಿಗೆ 1.8 ಬಂತು. ಇಂಡೆಕ್ಸ್ ಕನ್ನಡಿಯ ಮುಂದಿನ ಎರಡನೇ ಗಾಜಿಗೆ ಮಾತ್ರ 2.4. ಆ ಗಾಜಿನ ಎರಡು ಮುಖ ಸಮಾನಾಂತರ ಇಲ್ಲ, ಬೆಳಕನ್ನು ಸ್ವಲ್ಪ ಬಾಗಿಸುತ್ತದೆ. ಅದನ್ನು ಸರಿ ಮಾಡಲು ಬರುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ತಾರೀಕು, ಇಂಡೆಕ್ಸ್ ಎರರ್ 1.8 ಕಳೆ, ಎರಡನೇ ಗಾಜು ಹಾಕಿದರೆ 2.4 ಕಳೆ. ಅದರ ಕೆಳಗೆ ಮುಂದಿನ ಸಲಕ್ಕೆ ಜಾಗ ಬಿಟ್ಟಿದ್ದೇನೆ. ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಮೂಲೆಯಲ್ಲಿಟ್ಟು, ತೋಳನ್ನು ಅದರ ಗುರುತಿಗೆ ತಂದು, ಹಿಡಿ ಹಿಡಿದು ಒಳಗಿಟ್ಟೆ.